ನಾಯಿ ಕಚ್ಚಿದರೆ ಸೋಪು, ಸೀರಂ, ಸೂಜಿ: ಯಾವುದು ಯಾಕೆ

ನಮ್ಮ ತಾಲ್ಲೂಕು ಆಸ್ಪತ್ರೆಯ ಇಂಜೆಕ್ಷನ್ ರೂಮಿಗೆ ನಾಯಿ ಕಚ್ಚಿಸಿಕೊಂಡು ಬರುವವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸಿಸ್ಟರ್, ಇಷ್ಟೊಂದು ಸೂಜಿ ಯಾಕೆ? ಜೋರಾಗಿರೋದು ಒಂದು ಹಾಕಿ ಕಳಿಸ್ಬಿಡಿ." ಹೊರಗೆ ಸಾಲು ನಿಂತಿರುವಾಗ ಇದಕ್ಕೆ ಸರಿಯಾಗಿ ಉತ್ತರ ಕೊಡಲು ಪುರುಸೊತ್ತಿರುವುದಿಲ್ಲ. ಏನು ಮಾಡಬೇಕು ಅನ್ನುವುದು ನಮ್ಮ ಗೋಡೆಯ ಪೋಸ್ಟರಿನಲ್ಲೇ ಇದೆ. ಆದರೆ ಪೋಸ್ಟರ್ ಓದಿದವರೂ ಮೂರನೇ ಸೂಜಿ ಹೊತ್ತಿಗೆ ನಾಪತ್ತೆಯಾಗುತ್ತಾರೆ. ಯಾಕೆ ಅಂತ ಗೊತ್ತಿದ್ದವರು ಮಾತ್ರ ಬಸ್ ಹಿಡಿದುಕೊಂಡಾದರೂ ಬರುತ್ತಾರೆ. ಆದ್ದರಿಂದ ಆ "ಯಾಕೆ"ಯನ್ನೇ ಹಿಡಿದುಕೊಂಡು ಬರೆಯುತ್ತೇನೆ. ತಡೆಯಬೇಕಾಗಿರುವುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಎಲ್ಲದರ ಹಿಂದೆ ಇರುವುದು ಒಂದೇ ವಸ್ತು: ರೋಗಾಣುವನ್ನು ಹಿಡಿದು ತಡೆಯುವ ಆ್ಯಂಟಿಬಾಡಿ, ಶಾಲೆಯ ಪುಸ್ತಕದಲ್ಲಿ ಪ್ರತಿಕಾಯ ಅಂತ ಓದಿರುತ್ತೀರಿ.

ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

ಕಚ್ಚಿದ ತಕ್ಷಣ ಗಾಯವನ್ನು ಹರಿಯುವ ನೀರಿಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಬಟ್ಟೆ ಸೋಪಾದರೂ ಸರಿ, ಲೈಫ್‌ಬಾಯ್ ಆದರೂ ಸರಿ. 15 ನಿಮಿಷ ಅಂದರೆ ಗಡಿಯಾರ ನೋಡಿಕೊಂಡು. ಅಂದಾಜಿನ ಮೇಲೆ ತೊಳೆದವರು ಎರಡು ನಿಮಿಷಕ್ಕೇ ನಲ್ಲಿ ನಿಲ್ಲಿಸಿರುತ್ತಾರೆ. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ತಾಗಿದರೆ ಆ ಪದರ ಕರಗಿ ವೈರಸ್ ಕೆಲಸಕ್ಕೆ ಬಾರದಂತಾಗುತ್ತದೆ. ಗಾಯದಲ್ಲಿ ಎಷ್ಟು ಕಡಿಮೆ ವೈರಸ್ ಉಳಿಯುತ್ತದೋ ಆ್ಯಂಟಿಬಾಡಿಗೆ ಅಷ್ಟು ಕಡಿಮೆ ಕೆಲಸ. ತೊಳೆದಾದ ಮೇಲೆ ಮನೆಯಲ್ಲಿ ಬೆಟಡಿನ್ ಇದ್ದರೆ ಹಚ್ಚಿ.

ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಲೆಯ ರಸ ಯಾವುದೂ ಬೇಡ. ಇವನ್ನು ತಿಕ್ಕಿಕೊಂಡು ಬಂದವರ ಗಾಯ ತೊಳೆಯುವುದು ನಮಗೆ ಎರಡು ಪಟ್ಟು ಕೆಲಸ, ಅವರಿಗೆ ನಾಲ್ಕು ಪಟ್ಟು ಉರಿ. ಉರಿಯ ಮಾತು ಹೋಗಲಿ, ತಿಕ್ಕಿದಾಗ ಮಾಂಸ ಇನ್ನಷ್ಟು ಕಿತ್ತು ವೈರಸ್ ಒಳಗಿನ ನರದ ತುದಿಗಳಿಗೆ ಹತ್ತಿರವಾಗುತ್ತದೆ. ಹೊಲಿಗೆ ಹಾಕಿ ಅಂತ ಹಟ ಮಾಡಬೇಡಿ. ಅದೂ ಇದೇ ಕಾರಣಕ್ಕೆ. ಹಾಕಲೇಬೇಕಾದಷ್ಟು ದೊಡ್ಡ ಗಾಯವಾದರೆ ಮೊದಲು ಸೀರಂ (ಸಿದ್ಧ ಆ್ಯಂಟಿಬಾಡಿ ಇರುವ ಔಷಧಿ) ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಸಡಿಲವಾಗಿ ಹಾಕುತ್ತಾರೆ.

ನಿಮ್ಮದು ಎಂಥ ಗಾಯ

ಡಾಕ್ಟರು ಚೀಟಿಯ ಮೇಲೆ ಒಂದು, ಎರಡು, ಮೂರು ಅಂತ ಒಂದು ವರ್ಗ ಬರೆಯುತ್ತಾರೆ. ನಾಯಿಯನ್ನು ಮುಟ್ಟಿದ್ದು, ಅದು ಗಾಯವಿಲ್ಲದ ಚರ್ಮ ನೆಕ್ಕಿದ್ದು ಒಂದನೇ ವರ್ಗ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಹಾಗೆ ಪರಚಿದ್ದು, ಬರಿ ಚರ್ಮವನ್ನು ಮೆಲ್ಲಗೆ ಕಚ್ಚಿ ಬಿಟ್ಟಿದ್ದು ಎರಡನೆಯದು, ಲಸಿಕೆ ಬೇಕು. ಹಲ್ಲು ಚರ್ಮ ದಾಟಿ ಇಳಿದಿದ್ದರೆ, ಇದ್ದ ಗಾಯವನ್ನು ನೆಕ್ಕಿದ್ದರೆ, ಜೊಲ್ಲು ಕಣ್ಣಿಗೋ ಬಾಯಿಗೋ ಸಿಡಿದಿದ್ದರೆ ಮೂರನೆಯದು. ಅದಕ್ಕೆ ಲಸಿಕೆಯ ಜೊತೆ ಸೀರಂ ಕೂಡ.

ಮಕ್ಕಳ ವಿಷಯದಲ್ಲಿ ನಾನು ಅಪ್ಪ ಅಮ್ಮ ತೋರಿಸಿದ ಗಾಯಕ್ಕೆ ನಿಲ್ಲುವುದಿಲ್ಲ. ಕೆನ್ನೆಗೆ ಕಚ್ಚಿದೆ ಅಂತ ಕರೆತಂದ ಹುಡುಗನ ತಲೆಗೂದಲನ್ನು ಬೆರಳಿನಿಂದ ಸಾಲು ಸಾಲಾಗಿ ಬಿಡಿಸಿ ನೋಡುತ್ತೇನೆ. ಕಿವಿಯ ಹಿಂದೆ, ಕೂದಲೊಳಗೆ ಒಂದು ಸಣ್ಣ ತೂತು, ರಕ್ತ ಒಣಗಿ ಕೂದಲಿಗೆ ಅಂಟಿಕೊಂಡಿದ್ದು, ಎಷ್ಟೋ ಸಲ ಸಿಗುತ್ತದೆ. ಆ ತೂತಿಗೆ ಸೀರಂ ಬೀಳದಿದ್ದರೆ ಉಳಿದ ಗಾಯಗಳಿಗೆಲ್ಲ ಕೊಟ್ಟಿದ್ದೂ ದಂಡ. ಮನೆಯಲ್ಲೇ ಮಗುವಿನ ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿಕೊಂಡು ಬನ್ನಿ.

ನಾಯಿ ಮಾತ್ರ ಅಲ್ಲ. ಬೆಕ್ಕು, ಮಂಗ, ನರಿ, ಮುಂಗುಸಿ, ರೋಗ ತಗಲಿದ ಹಸು ಎಮ್ಮೆ ಎಲ್ಲಕ್ಕೂ ಇದೇ ಲೆಕ್ಕ. "ನಮ್ಮನೆ ಬೆಕ್ಕೇ ಸಿಸ್ಟರ್" ಅನ್ನುವುದು ಔಷಧಿಯಲ್ಲ.

ಆ್ಯಂಟಿಬಾಡಿ ಮಾಡುವ ಕೆಲಸ

ರೇಬೀಸ್ ವೈರಸ್ಸಿನ ಮೈತುಂಬ ಹಲಸಿನಕಾಯಿಯ ಹಾಗೆ ಮುಳ್ಳು. ಮುಳ್ಳೆಂದರೆ ಜಿ ಪ್ರೋಟೀನ್ ಎಂಬ ಒಂದು ಪ್ರೋಟೀನು. ಸ್ನಾಯು ಮತ್ತು ನರದ ಜೀವಕೋಶಗಳಿಗೆ ವೈರಸ್ ಅಂಟಿಕೊಳ್ಳುವುದು, ಅಂಟಿಕೊಂಡು ಒಳಗೆ ಇಳಿಯುವುದು ಈ ಮುಳ್ಳಿನಿಂದಲೇ. ಆ್ಯಂಟಿಬಾಡಿಯೂ ಒಂದು ಪ್ರೋಟೀನೇ, ಇಂಗ್ಲಿಷಿನ ವೈ ಅಕ್ಷರದ ಆಕಾರ. ವೈನ ಎರಡು ಕೈಗಳ ತುದಿ ಆ ಮುಳ್ಳಿಗೆ ಸರಿಯಾಗಿ ಕೂರುವ ಹಾಗಿರುತ್ತದೆ. ಅವು ಹೋಗಿ ಮುಳ್ಳುಗಳ ಮೇಲೆ ಕೂತುಬಿಟ್ಟರೆ ವೈರಸ್ಸಿಗೆ ಅಂಟಲು ಜಾಗವೇ ಇಲ್ಲ. ವೈನ ಬಾಲವನ್ನು ಕಂಡು ದೇಹದ ಭಕ್ಷಕ ಕಣಗಳು ಬಂದು ವೈರಸ್ಸನ್ನೂ ಆ್ಯಂಟಿಬಾಡಿಯನ್ನೂ ಒಟ್ಟಿಗೇ ನುಂಗಿಹಾಕುತ್ತವೆ.

ಆದರೆ ಇದೆಲ್ಲ ನಡೆಯುವುದು ವೈರಸ್ ಜೀವಕೋಶದ ಹೊರಗೆ ಇರುವವರೆಗೆ. ಕಚ್ಚಿದ ಜಾಗದ ಮಾಂಸದಲ್ಲಿ ಅದು ಸ್ವಲ್ಪ ಕಾಲ ಇರುತ್ತದೆ, ಆಮೇಲೆ ನರದ ತುದಿಯೊಳಗೆ ಸೇರಿ ಬೆನ್ನುಹುರಿಯ ಕಡೆಗೆ, ಅಲ್ಲಿಂದ ಮಿದುಳಿಗೆ ನರದ ಒಳಗೊಳಗೇ ಏರುತ್ತದೆ. ನರದೊಳಗೆ ಸೇರಿದ ವೈರಸ್ಸಿನ ಮೇಲೆ ರಕ್ತದಲ್ಲಿ ಓಡಾಡುವ ಆ್ಯಂಟಿಬಾಡಿಯ ಆಟ ನಡೆಯುವುದಿಲ್ಲ. ನೀರು ಕಂಡರೆ ಹೆದರಿಕೆ, ಗಾಳಿ ಸೋಕಿದರೆ ಬೆಚ್ಚುವುದು ಶುರುವಾಯಿತೆಂದರೆ ಮಿದುಳಿಗೆ ಮುಟ್ಟಿದೆ ಅಂತ ಅರ್ಥ, ಅಲ್ಲಿಂದ ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಮುಖ, ತಲೆ, ಕುತ್ತಿಗೆ, ಕೈಬೆರಳಿಗೆ ಕಚ್ಚಿದಾಗ ನಾವು ಅವಸರ ಮಾಡುವುದು ಸುಮ್ಮನೆ ಅಲ್ಲ. ಅಲ್ಲಿ ನರಗಳು ದಟ್ಟ, ಮುಖದಿಂದ ಮಿದುಳಿಗೆ ದಾರಿಯೂ ಹತ್ತಿರ.

ಲಸಿಕೆ: ದೇಹವೇ ತಯಾರಿಸುವ ಆ್ಯಂಟಿಬಾಡಿ

ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ಮುಳ್ಳು ಹಾಗೇ ಇರುತ್ತದೆ, ರೋಗ ತರುವ ಶಕ್ತಿ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಚರ್ಮದೊಳಗೆ ಹಾಕುತ್ತೇವೆ: ಎರಡೂ ತೋಳಿಗೆ 0.1 ಮಿಲಿಲೀಟರಿನಂತೆ. ಸೂಜಿ ಹೆಚ್ಚುಕಮ್ಮಿ ಮಲಗಿಸಿ ಚುಚ್ಚುವುದು, ಸರಿಯಾಗಿ ಬಿದ್ದಿದ್ದರೆ ಕಣ್ಣೆದುರೇ ಚರ್ಮದ ಮೇಲೆ ಒಂದು ಬೆಳ್ಳನೆಯ ಗುಳ್ಳೆ ಏಳುತ್ತದೆ. ಗುಳ್ಳೆ ಏಳಲಿಲ್ಲವೆಂದರೆ ಔಷಧಿ ಕೆಳಗೆ ಇಳಿದಿದೆ, ಪಕ್ಕದಲ್ಲಿ ಇನ್ನೊಮ್ಮೆ ಹಾಕಬೇಕು. ಅದನ್ನು ಉಜ್ಜಬೇಡಿ. "ಇಷ್ಟೇ ಇಷ್ಟು ಔಷಧಿನಾ?" ಅಂತ ಬಹಳ ಜನಕ್ಕೆ ಅನುಮಾನ. ಚರ್ಮದಲ್ಲಿ ಕಾವಲು ಕಣಗಳು ಮಾಂಸಕ್ಕಿಂತ ದಟ್ಟವಾಗಿರುವುದರಿಂದ ಅಷ್ಟೇ ಸಾಕು.

ಆ ಕಾವಲು ಕಣಗಳು ಸತ್ತ ವೈರಸ್ಸಿನ ತುಣುಕುಗಳನ್ನು ಹೊತ್ತು ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತವೆ. ಸೂಜಿ ಆದ ಮೇಲೆ ಕೆಲವರಿಗೆ ಕಂಕುಳಲ್ಲಿ ಸಣ್ಣ ಗಂಟು, ನೋವು ಬರುವುದು ಇದಕ್ಕೇ. ಕೆಲಸ ಶುರುವಾಗಿದೆ ಅಂತ ತಿಳಿಯಿರಿ. ಗ್ರಂಥಿಯೊಳಗೆ ಲೆಕ್ಕವಿಲ್ಲದಷ್ಟು ಬಿ ಕಣಗಳು ಎಂಬ ಬಿಳಿ ರಕ್ತಕಣಗಳು, ಒಂದೊಂದೂ ಬೇರೆ ಬೇರೆ ಆಕಾರಕ್ಕೆ ಹೊಂದುವಂಥವು. ರೇಬೀಸ್ ಮುಳ್ಳಿಗೆ ಹೊಂದುವ ಬೆರಳೆಣಿಕೆಯ ಕಣಗಳಿಗೆ ಮಾತ್ರ ಎಚ್ಚರವಾಗುತ್ತದೆ. ಟಿ ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಆ ಬಿ ಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ಕೊನೆಗೆ ಸೆಕೆಂಡಿಗೆ ಸಾವಿರಾರು ಆ್ಯಂಟಿಬಾಡಿ ಉಗುಳುವ ಕಣಗಳಾಗುತ್ತವೆ.

ಮೊದಲು ಬರುವುದು ಐಜಿಎಂ ಎಂಬ ಬಗೆ. ಐದು ವೈಗಳು ಒಟ್ಟಿಗೆ ಕೂಡಿಕೊಂಡಿದ್ದು, ಹಿಡಿತ ಸ್ವಲ್ಪ ಸಡಿಲ. ಆಮೇಲೆ ಬರುವುದು ಐಜಿಜಿ. ಅದರ ಹಿಡಿತ ಬಿಗಿ, ರಕ್ತದಲ್ಲಿ ಉಳಿಯುವುದೂ ಹೆಚ್ಚು ದಿನ. ಗ್ರಂಥಿಯಲ್ಲಿ ಬಿ ಕಣಗಳು ಹೆಚ್ಚುವಾಗ ಅವುಗಳ ಆ್ಯಂಟಿಬಾಡಿಯ ತುದಿ ಸ್ವಲ್ಪ ಸ್ವಲ್ಪ ಬದಲಾಗುತ್ತ ಹೋಗುತ್ತದೆ. ಗಟ್ಟಿಯಾಗಿ ಹಿಡಿಯುವವು ಉಳಿಯುತ್ತವೆ, ಉಳಿದವು ಸಾಯುತ್ತವೆ. ಈ ಆಯ್ಕೆ ನಡೆಯಬೇಕಾದರೆ ವೈರಸ್ಸಿನ ಸರಕು ಮತ್ತೆ ಮತ್ತೆ ಸಿಗಬೇಕು. ಒಂದೇ ದಿನ ಬುಡ್ಡಿಯನ್ನೆಲ್ಲ ತೋಳಿಗೆ ಸುರಿದರೆ ಈ ಕೆಲಸ ಆಗುವುದಿಲ್ಲ, ಇದಕ್ಕೆ ದಿನ ಹಿಡಿಯುತ್ತದೆ. ಒಂದೇ ಜೋರು ಸೂಜಿ ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ಸಾಕಷ್ಟು ಆ್ಯಂಟಿಬಾಡಿ ರಕ್ತದಲ್ಲಿ ಕಾಣಿಸಿಕೊಳ್ಳಲು ಮೊದಲ ಸೂಜಿಯಿಂದ 7ರಿಂದ 14 ದಿನ ಬೇಕು. ಆ ಒಂದು ಎರಡು ವಾರದ ಬಿಡುವಿನಲ್ಲೇ ವೈರಸ್ ನರ ಹೊಕ್ಕರೆ? ಆ ಬಿಡುವಿಗೇ ಸೀರಂ.

ಸೀರಂ: ಸಿದ್ಧವಾಗಿ ಬಂದ ಆ್ಯಂಟಿಬಾಡಿ

ಒಬ್ಬರ ಮೈಯಲ್ಲಿ ತಯಾರಾದ ಆ್ಯಂಟಿಬಾಡಿಯನ್ನು ಇನ್ನೊಬ್ಬರಿಗೆ ಕೊಟ್ಟು ರೋಗ ತಡೆಯಬಹುದು ಅಂತ 1890ರಲ್ಲಿ ಜರ್ಮನಿಯ ಎಮಿಲ್ ಫಾನ್ ಬೆರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಸಬುರೊ ಧನುರ್ವಾಯು, ಡಿಫ್ತೀರಿಯಾಗಳಲ್ಲಿ ತೋರಿಸಿದರು. ಬೆರಿಂಗ್‌ಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಂತು. ನಮ್ಮ ಫ್ರಿಜ್ಜಿನಲ್ಲಿರುವ ಸೀರಂ ಆ ದಾರಿಯಲ್ಲೇ ಬಂದದ್ದು. ಕುದುರೆಗೆ ರೇಬೀಸ್ ಲಸಿಕೆ ಹಾಕಿ, ಅದರ ರಕ್ತದಲ್ಲಿ ಆ್ಯಂಟಿಬಾಡಿ ತುಂಬಿಕೊಂಡ ಮೇಲೆ ಸ್ವಲ್ಪ ರಕ್ತ ತೆಗೆದು ಶುದ್ಧ ಮಾಡುತ್ತಾರೆ. ಈಗಿನದರಲ್ಲಿ ವೈನ ಬಾಲವನ್ನು ಪ್ರೋಟೀನ್ ಒಡೆಯುವ ಪೆಪ್ಸಿನ್‌ನಿಂದ ಕತ್ತರಿಸಿ, ಹಿಡಿಯುವ ಕೈಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಬಾಲವಿಲ್ಲದಿದ್ದರೆ ಅಲರ್ಜಿ ಕಡಿಮೆ. ಮನುಷ್ಯರ ರಕ್ತದಿಂದ ತೆಗೆದದ್ದೂ ಇದೆ, ಬೆಲೆ ಹೆಚ್ಚು. ಪ್ರಯೋಗಾಲಯದಲ್ಲೇ ಬೆಳೆಸಿದ ಮೊನೊಕ್ಲೋನಲ್ ಆ್ಯಂಟಿಬಾಡಿಗಳೂ ನಮ್ಮ ದೇಶದಲ್ಲಿ ತಯಾರಾಗುತ್ತಿವೆ.

ಕುದುರೆಯದಾದರೆ ಮೈತೂಕದ ಪ್ರತಿ ಕಿಲೋಗೆ 40 ಯೂನಿಟ್, ಮನುಷ್ಯರದ್ದಾದರೆ 20, ಇದು ಗರಿಷ್ಠ. 50 ಕಿಲೋದವರಿಗೆ ಕುದುರೆಯದು 2000 ಯೂನಿಟ್. ಹಾಗಾಗಿ ತೂಕದ ಯಂತ್ರದ ಮೇಲೆ ನಿಲ್ಲಿ ಅಂದಾಗ "ತೂಕ ಯಾಕೆ, ಕಚ್ಚಿರೋದು ಕಾಲಿಗೆ" ಅನ್ನಬೇಡಿ. ಹೆಚ್ಚು ಕೊಟ್ಟರೆ ಒಳ್ಳೆಯದೇ ಅಲ್ವಾ ಅನ್ನುವವರೂ ಇದ್ದಾರೆ. ಅಲ್ಲ. ಹೊರಗಿನ ಆ್ಯಂಟಿಬಾಡಿ ಅತಿಯಾದರೆ ಲಸಿಕೆಯಲ್ಲಿರುವ ವೈರಸ್ಸನ್ನೂ ಮುಚ್ಚಿಹಾಕುತ್ತದೆ, ನಿಮ್ಮ ಬಿ ಕಣಗಳಿಗೆ ಕಲಿಯಲು ಸರಕೇ ಉಳಿಯುವುದಿಲ್ಲ. ಸೀರಮ್ಮನ್ನೂ ಲಸಿಕೆಯನ್ನೂ ಒಂದೇ ಸಿರಿಂಜಿನಲ್ಲಿ, ಒಂದೇ ಜಾಗಕ್ಕೆ ಹಾಕದಿರುವುದೂ ಇದಕ್ಕೇ.

ಸೀರಂ ಹೋಗುವುದು ಗಾಯದೊಳಕ್ಕೆ, ಗಾಯದ ಅಂಚಿಗೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಬೆರಳಿನ ತುದಿ, ಮೂಗು, ಕಿವಿಯಲ್ಲಿ ಜಾಗ ಕಡಿಮೆ, ಒತ್ತಡ ಹೆಚ್ಚಾಗದಂತೆ ಹನಿ ಹನಿಯಾಗಿ ಬಿಡುತ್ತೇವೆ. ಚಿಕ್ಕ ಮಗುವಿಗೆ ಗಾಯ ಏಳೆಂಟಿದ್ದು ತೂಕದ ಲೆಕ್ಕದ ಸೀರಂ ಸಾಲದಿದ್ದರೆ ಸಲೈನ್ ಬೆರೆಸಿ ಪ್ರಮಾಣ ಹೆಚ್ಚಿಸಿಕೊಂಡು ಎಲ್ಲ ಗಾಯಕ್ಕೂ ಮುಟ್ಟಿಸುತ್ತೇವೆ. ಮೊದಲೆಲ್ಲ ಗಾಯಕ್ಕೆ ಹಾಕಿ ಉಳಿದದ್ದನ್ನು ತೊಡೆಗೆ ಕೊಡುತ್ತಿದ್ದರು. ವೈರಸ್ ಇರುವುದು ಗಾಯದಲ್ಲಿ, ತೊಡೆಯಲ್ಲಿ ಏನು ಕೆಲಸ? ಗಾಯಕ್ಕೆ ಮಾತ್ರ ಕೊಟ್ಟರೆ ಸಾಕು, ಒಬ್ಬರ ಸೀರಮ್ಮಿನಲ್ಲಿ ಹಲವರು ಬದುಕುತ್ತಾರೆ ಅಂತ ಪಟ್ಟು ಹಿಡಿದು ಮಾಡಿ ತೋರಿಸಿದವರು ಶಿಮ್ಲಾದ ಡಾ. ಓಮೇಶ್ ಭಾರ್ತಿ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಆ ದಾರಿಗೆ ಬಂತು, 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೀರಂ ಬುಡ್ಡಿ ಎಣಿಸಿ ಎಣಿಸಿ ಬಳಸುವ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಹೇಳಿ ಮುಗಿಸಲಾರೆ.

ಸೀರಂ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಬೆಂಚಿನ ಮೇಲೆ ಕೂತಿರಿ. ಮೈ ತುರಿಕೆ, ಉಸಿರು ಕಟ್ಟಿದ ಹಾಗೆ, ತಲೆ ಸುತ್ತು ಬಂದರೆ ಕೂಗಿ. ವಾರ ಹತ್ತು ದಿನ ಬಿಟ್ಟು ಕೆಲವರಿಗೆ ಮೈಮೇಲೆ ದದ್ದು, ಕೀಲು ನೋವು, ಜ್ವರ ಬರುವುದುಂಟು. ಕುದುರೆಯ ಪ್ರೋಟೀನ್ ಹೊರಗಿನದು ಅಂತ ನಿಮ್ಮ ದೇಹ ಅದರ ಮೇಲೂ ಆ್ಯಂಟಿಬಾಡಿ ತಯಾರಿಸಿರುತ್ತದೆ! ಸಾಮಾನ್ಯವಾಗಿ ಔಷಧಿಗೆ ಇಳಿಯುತ್ತದೆ, ಡಾಕ್ಟರಿಗೆ ತೋರಿಸಿ. ಇದಕ್ಕೆ ಹೆದರಿ ಉಳಿದ ಲಸಿಕೆ ಬಿಡಬೇಡಿ.

ಮೊದಲ ದಿನ ಸೀರಂ ಸಿಗಲಿಲ್ಲ ಅನ್ನಿ. ಲಸಿಕೆಯ ಮೊದಲ ಸೂಜಿ ಅಲ್ಲೇ ಹಾಕಿಸಿಕೊಂಡು, ಸೀರಂ ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಹೊರಡಿ. ಮೊದಲ ಸೂಜಿಯಿಂದ 7 ದಿನದವರೆಗೆ ಸೀರಂ ಕೊಡಬಹುದು. ಆಮೇಲೆ ಕೊಡುವುದಿಲ್ಲ, ಆ ಹೊತ್ತಿಗೆ ನಿಮ್ಮದೇ ಆ್ಯಂಟಿಬಾಡಿ ಶುರುವಾಗಿರುತ್ತದೆ.

ತಾರೀಖಿನ ಲೆಕ್ಕ

ಚರ್ಮದೊಳಗಿನ ಲಸಿಕೆಗೆ 0, 3, 7, 28 ಅಂತ ಕಾರ್ಡಿನಲ್ಲಿ ಬರೆದಿರುತ್ತದೆ. 0 ಅಂದರೆ ಕಚ್ಚಿದ ದಿನವಲ್ಲ, ಮೊದಲ ಸೂಜಿಯ ದಿನ. ಮೊದಲನೆಯದು ಸೋಮವಾರ ಆದರೆ ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ನಾಲ್ಕು ವಾರ ತುಂಬಿದ ಸೋಮವಾರ. ಖಾಸಗಿ ಕ್ಲಿನಿಕ್ಕಿನಲ್ಲಿ ಮಾಂಸಕ್ಕೆ ಹಾಕಿದರೆ 14ನೇ ದಿನದ್ದೂ ಸೇರಿ ಐದು ಸಲ. ಮಾಂಸಕ್ಕಾದರೂ ತೋಳಿಗೇ, ಪುಟ್ಟ ಮಕ್ಕಳಿಗೆ ತೊಡೆಯ ಮುಂಭಾಗಕ್ಕೆ. ಸೊಂಟಕ್ಕೆ ಬೇಡ, ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸಿಕ್ಕಿಕೊಂಡು ಆ್ಯಂಟಿಬಾಡಿ ಸರಿಯಾಗಿ ಏಳುವುದಿಲ್ಲ. ಜಾತ್ರೆಯೋ ಮದುವೆಯೋ ಬಂದು ಒಂದೆರಡು ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿ. ತಪ್ಪಿತಲ್ಲ ಅಂತ ನಾಚಿಕೊಂಡು ಬಾರದೇ ಇರುವವರೇ ಹೆಚ್ಚು. ಬನ್ನಿ, ಯಾರೂ ಬೈಯುವುದಿಲ್ಲ. (ನಾನು ಸ್ವಲ್ಪ ಬೈಯಬಹುದು.)

ಹೊಕ್ಕಳ ಸುತ್ತ 14 ಸೂಜಿಯ ಕಥೆ ಹೇಳಿ ಮಕ್ಕಳನ್ನು ಹೆದರಿಸುವ ಅಜ್ಜಂದಿರಿಗೆ ಒಂದು ಮಾತು. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ವೈದ್ಯರು ಅದನ್ನು ರೂಪಿಸಿದ್ದು 1911ರ ಸುಮಾರಿಗೆ. ಮಿದುಳಿನ ಅಂಶ ಇದ್ದುದರಿಂದ ಕೆಲವರ ದೇಹ ತನ್ನ ನರಗಳ ಮೇಲೇ ತಿರುಗಿಬೀಳುತ್ತಿತ್ತು. 2004ರ ಕೊನೆಗೆ ದೇಶದಲ್ಲಿ ಅದನ್ನು ನಿಲ್ಲಿಸಿದರು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆ, ಹೊಟ್ಟೆಗೆ ಹಾಕುವುದಿಲ್ಲ.

ಪದೇ ಪದೇ ಕೇಳುವವು

"ಟಿಟಿ ಹಾಕಿಸ್ಕೊಂಡೆ, ಆಯ್ತಲ್ಲ?" ಇಲ್ಲ ಕಣಣ್ಣ. ಟಿಟಿ ಧನುರ್ವಾಯುವಿನ ವಿಷಕ್ಕೆ ಹೊಂದುವ ಆ್ಯಂಟಿಬಾಡಿ ಏಳಿಸುತ್ತದೆ. ಅದರ ತುದಿ ರೇಬೀಸ್ ಮುಳ್ಳಿಗೆ ಕೂರುವುದಿಲ್ಲ. ಎರಡೂ ಬೇಕು.

"ನಾಯಿ ಚೆನ್ನಾಗೇ ಓಡಾಡ್ಕೊಂಡಿದೆ." ಸಂತೋಷ, 10 ದಿನ ಅದರ ಮೇಲೆ ಕಣ್ಣಿಡಿ. ಆದರೆ ಆ 10 ದಿನ ಕಾಯುತ್ತ ಕೂರಬೇಡಿ, ಸೂಜಿ ಇವತ್ತೇ ಶುರುವಾಗಲಿ. 10 ದಿನ ಕಳೆದರೂ ನಾಯಿ ಆರೋಗ್ಯವಾಗಿದ್ದರೆ ಮುಂದಿನದನ್ನು ಡಾಕ್ಟರು ತೀರ್ಮಾನಿಸುತ್ತಾರೆ. ಬೀದಿಯಲ್ಲಿ ಕಚ್ಚಿ ಹೋದ ನಾಯಿಯನ್ನು ಹೊಡೆದು ಸಾಯಿಸಿದರೆ ಈ ಮಾಹಿತಿಯೂ ಹೋಯಿತು.

"ಪಥ್ಯ ಏನು ಸಿಸ್ಟರ್? ಬದನೆಕಾಯಿ, ಕೋಳಿ ನಂಜಲ್ವಾ?" ಪಥ್ಯ ಏನೂ ಇಲ್ಲ, ಉಣ್ಣಿ. ಆ್ಯಂಟಿಬಾಡಿ ಪ್ರೋಟೀನು ಅಂದೆನಲ್ಲ, ಕೋಳಿ ತಿಂದರೆ ಅದಕ್ಕೇನೂ ಮುನಿಸಿಲ್ಲ.

ಗರ್ಭಿಣಿಯರು, ಬಾಣಂತಿಯರು ಲಸಿಕೆ, ಸೀರಂ ಎರಡನ್ನೂ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಲಸಿಕೆಯ ಪ್ರಮಾಣ ಕೂಸಿಗೂ ಅಜ್ಜನಿಗೂ ಒಂದೇ, ತೂಕ ನೋಡುವುದು ಸೀರಮ್ಮಿಗೆ ಮಾತ್ರ.

ಊರಿನಲ್ಲಿ ಹಸುವೊಂದು ಹುಚ್ಚು ಹಿಡಿದು ಸತ್ತರೆ ಅದರ ಹಾಲು, ಮಜ್ಜಿಗೆ ಕುಡಿದವರೆಲ್ಲ ಟ್ರ್ಯಾಕ್ಟರಿನಲ್ಲಿ ಬರುತ್ತಾರೆ. ಕಾಯಿಸಿದ ಹಾಲು ಕುಡಿದವರಿಗೆ ಲಸಿಕೆ ಬೇಕಿಲ್ಲ. ನಾನು ಹುಡುಕುವುದು ಬೇರೆಯವರನ್ನು. ಹಸು ಜೊಲ್ಲು ಸುರಿಸುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಅದರ ಬಾಯಿಗೆ ಕೈ ಹಾಕಿದವರು ಯಾರು? ಅಂಥವರು ಹೆಚ್ಚಿನ ಸಲ ಟ್ರ್ಯಾಕ್ಟರ್ ಹತ್ತಿರುವುದೇ ಇಲ್ಲ, ಹೊಲದಲ್ಲಿರುತ್ತಾರೆ. ಅವರ ಕೈಯಲ್ಲಿ ತರಚು ಗಾಯ ಇದ್ದರೆ ಅದು ಮೂರನೇ ವರ್ಗ.

ಎಚ್‌ಐವಿ ಇದ್ದವರು, ಕ್ಯಾನ್ಸರ್ ಔಷಧಿಯಲ್ಲಿರುವವರು, ಬಹಳ ದಿನದಿಂದ ಸ್ಟೀರಾಯ್ಡ್ ನುಂಗುತ್ತಿರುವವರು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನಿಮ್ಮ ಬಿ ಕಣಗಳು ನಿಧಾನ, ಹಾಗಾಗಿ ಎರಡನೇ ವರ್ಗದ ಗಾಯಕ್ಕೂ ಸೀರಂ ಕೊಡಬೇಕಾಗುತ್ತದೆ. ಆಮೇಲೆ ರಕ್ತದಲ್ಲಿ ಆ್ಯಂಟಿಬಾಡಿ ಎದ್ದಿದೆಯೇ ಅಂತ ಪರೀಕ್ಷೆಯನ್ನೂ ಹೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದನ್ನು ಮಾಡುತ್ತಾರೆ. ನಿಮ್ಮ ರಕ್ತದ ತಿಳಿ ಭಾಗಕ್ಕೆ ರೇಬೀಸ್ ವೈರಸ್ ಬೆರೆಸಿ, ಜೀವಕೋಶಗಳ ಮೇಲೆ ಹಾಕಿ, ಹೊಳೆಯುವ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ್ಯಂಟಿಬಾಡಿ ಸಾಕಷ್ಟಿದ್ದರೆ ವೈರಸ್ ಒಳಗೆ ಹೋಗಿರುವುದಿಲ್ಲ, ಹೊಳಪೂ ಕಾಣುವುದಿಲ್ಲ. ಮಿಲಿಲೀಟರಿಗೆ 0.5 ಯೂನಿಟ್ ಇದ್ದರೆ ಸಾಕು ಅಂತ ಲೆಕ್ಕ. ಆರೋಗ್ಯವಂತರಿಗೆ ಈ ಪರೀಕ್ಷೆ ಬೇಕಾಗುವುದಿಲ್ಲ.

ಮತ್ತೆ ಕಚ್ಚಿದರೆ

ಪೂರ್ತಿ ಲಸಿಕೆ ತೆಗೆದುಕೊಂಡವರಲ್ಲಿ ಆ್ಯಂಟಿಬಾಡಿ ಕಾಲಕ್ರಮೇಣ ಇಳಿದರೂ ನೆನಪಿನ ಬಿ ಕಣಗಳು ವರ್ಷಗಟ್ಟಲೆ ಉಳಿಯುತ್ತವೆ. ಮತ್ತೆ ಸೂಜಿ ಬಿದ್ದರೆ ಅವು ಕೆಲವೇ ದಿನದಲ್ಲಿ ಬಿಗಿ ಹಿಡಿತದ ಐಜಿಜಿಯನ್ನು ಸುರಿಸುತ್ತವೆ. ಅದಕ್ಕೇ ಎರಡನೇ ಸಲ ಕಚ್ಚಿದಾಗ ಸೀರಂ ಬೇಡ, 0 ಮತ್ತು 3ನೇ ದಿನ ಎರಡು ಸಲ ಲಸಿಕೆ ಸಾಕು. ಸೋಪಿನ 15 ನಿಮಿಷದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಆದರೆ ಹಿಂದೆ ಪೂರ್ತಿ ಹಾಕಿಸಿಕೊಂಡಿದ್ದೀರಿ ಅನ್ನುವುದಕ್ಕೆ ನಮಗೆ ಕಾರ್ಡ್ ಬೇಕು. ಕಾರ್ಡ್ ಇಲ್ಲದಿದ್ದರೆ ಮೊದಲ ಸಲ ಕಚ್ಚಿಸಿಕೊಂಡವರ ಲೆಕ್ಕದಲ್ಲೇ ಗಾಯಕ್ಕೆ ಸೀರಂ, ತೋಳಿಗೆ ಪೂರ್ತಿ ಸೂಜಿ. ಕೊನೆಯ ಸೂಜಿ ಹಾಕಿಸಿಕೊಂಡ ದಿನವೇ ಕಾರ್ಡಿನ ಎರಡೂ ಮಗ್ಗುಲು ಫೋನಿನಲ್ಲಿ ಫೋಟೋ ತೆಗೆದು ಮನೆಯವರ ವಾಟ್ಸಾಪಿಗೂ ಕಳಿಸಿಡಿ.